ಪೆಟ್ರೋಲ್ ವಾಷ್ ಅಂಗಡಿಯ ಗಿರಾಕಿಗಳು

ಮೈಮೇಲಿನ ಬಟ್ಟೆ ಬಿಚ್ಚಿ ಇನ್ನೊಬ್ಬರ ಕೈಗೆ ಕೊಡುವ ಜಾಗದಲ್ಲಿ ಏನಾದರೊಂದು ನಗೆಪಾಟಲು ಆಗದೆ ದಿನ ಮುಗಿಯುವುದೇ ಇಲ್ಲ. ಎಂಬತ್ತರ ದಶಕದಲ್ಲಿ ವಿಜಯನಗರದಿಂದ ಚಂದ್ರಾ ಲೇಔಟ್ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಡ್ರೈ ಕ್ಲೀನಿಂಗ್ ಅಂಗಡಿ ಇತ್ತು. ಅಂಗಡಿ ಅಂದರೆ ಭಾರಿ ಅಂಗಡಿಯೇನಲ್ಲ. ಮುಂದೆ ಮರದ ಕೌಂಟರು, ಹಿಂದೆ ತೊಟ್ಟಿ, ಇಸ್ತ್ರಿ ಮೇಜು, ಅದರಾಚೆ ಬಟ್ಟೆ ಒಣಹಾಕುವ ಹಿತ್ತಿಲು, ಹಿತ್ತಿಲಿಗೆ ಅಂಟಿಕೊಂಡಂತೆ ನಮ್ಮ ಮನೆ. ನಮ್ಮೆಜಮಾನರು ಮೊದಲು ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಡೆ ಕೆಲಸದಲ್ಲಿದ್ದವರು. ಆ ಕೆಲಸ ಹೋದ ಮೇಲೆ, ಬಣ್ಣ ಹಾಕಿದ ಕೈಯಲ್ಲೇ ಕಲೆ ತೆಗೆಯುತ್ತೇನೆ ಅಂತ ಹೊರಟರು. ಅವರು ಹಿಂದೆ ಒಗೆಯುವುದು, ನಾನು ಮುಂದೆ ಕೂತು ಬಟ್ಟೆ ಇಸ್ಕೊಳ್ಳುವುದು. ಅವರಿಗೆ ಮಾತು ಕಡಿಮೆ. ನನಗೆ ಆ ತೊಂದರೆ ಇರಲಿಲ್ಲ.

ಆ ಬೀದಿಯ ಜನ ನಮಗೆ ಅನ್ನ ಕೊಟ್ಟರು. ಅದರ ಜೊತೆಗೆ, ಕೇಳದೆಯೇ, ಹೊಟ್ಟೆ ತುಂಬ ನಗುವನ್ನೂ ಕೊಟ್ಟರು. ಅನ್ನದ ಋಣ ದುಡಿದು ತೀರಿಸಿದೆವು ಅಂತ ಇಟ್ಟುಕೊಳ್ಳಿ. ನಗುವಿನ ಋಣಕ್ಕೆ ಏನು ಮಾಡುವುದು? ಹೀಗೆ ಹೇಳಿಕೊಳ್ಳುವುದೊಂದೇ ದಾರಿ.

ನೀರಿಲ್ಲದೆ ಒಗೆಯುವ ವಿದ್ಯೆ

ಅಂಗಡಿ ತೆರೆದ ಹೊಸದರಲ್ಲಿ ಒಬ್ಬರೂ ಒಳಗೆ ಕಾಲಿಡಲಿಲ್ಲ. ದಾರಿಯಲ್ಲಿ ಹೋಗುವವರು ಬೋರ್ಡು ಓದುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಹೋಗುತ್ತಿದ್ದರು. ನಮ್ಮೆಜಮಾನರು ಹಿಂದೆ ಖಾಲಿ ತೊಟ್ಟಿ ಮುಂದೆ ಕೈಕಟ್ಟಿ ನಿಂತಿರುತ್ತಿದ್ದರು. ನಾನು ನಮ್ಮ ಮನೆಯ ಬಟ್ಟೆಗಳನ್ನೇ ಇಸ್ತ್ರಿ ಮಾಡಿ, ಗಿರಾಕಿಗಳದು ಅನ್ನುವ ಹಾಗೆ ಮುಂದೆ ನೇತುಹಾಕಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಕ್ರಾಸಿನ ಹೆಂಗಸೊಬ್ಬರು ಬಂದರು. ಕೈಯಲ್ಲಿ ಬಟ್ಟೆ ಇಲ್ಲ, ಖಾಲಿ ಕೊಡ ಇದೆ. ಆಗ ಚಂದ್ರಾ ಲೇಔಟಿನಲ್ಲಿ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

"ಏನಮ್ಮಾ, ಡ್ರೈ ಕ್ಲೀನಿಂಗ್ ಅಂದ್ರೆ ನೀರಿಲ್ದೆ ಒಗೆಯೋದಂತೆ, ಹೌದಾ? ನಮ್ಮ ಮಗ ಓದಿ ಹೇಳಿದ."

"ಹೌದಮ್ಮಾ. ನೀರು ಮುಟ್ಟಿಸಲ್ಲ. ಪೆಟ್ರೋಲ್ ವಾಷ್ ಮಾಡ್ತೀವಿ."

"ಒಂದು ತೊಟ್ಟೂ ನೀರು ಬೇಡ್ವಾ?"

"ಬೇಡ."

ಆಕೆ ಕೊಡವನ್ನು ಕೌಂಟರ್ ಮೇಲಿಟ್ಟು ನಿಟ್ಟುಸಿರು ಬಿಟ್ಟರು. "ಅಯ್ಯೋ, ಇಂಥಾ ವಿದ್ಯೆ ಕಣ್ಣ ಮುಂದೆ ಇಟ್ಕೊಂಡು ನಾವು ನಲ್ಲಿ ಹತ್ರ ಕಿತ್ತಾಡ್ತಾ ಇದೀವಲ್ಲಮ್ಮಾ! ಪಾತ್ರೆಗೂ ಆಗುತ್ತಾ ಇದು?"

"ಇಲ್ಲ, ಪಾತ್ರೆಗೆಲ್ಲಾ ಆಗಲ್ಲ. ಬಟ್ಟೆಗೆ ಮಾತ್ರ. ಅದೂ ರೇಷ್ಮೆ, ಉಲ್ಲನ್, ಕೋಟು, ಸೂಟು."

ಆಕೆ ಹಿಂದೆ ತಿರುಗಿ ರಸ್ತೆಯ ಆಚೆ ಬದಿಗೆ ಕೈ ಮಾಡಿ ತೋರಿಸಿದರು. ಅಲ್ಲಿ ಹಳೇ ಉಲ್ಲನ್ ಕೋಟು ಹಾಕಿಕೊಂಡು ಅವರ ಯಜಮಾನರು ಎರಡು ಕೊಡ ಹಿಡಿದು ನಿಂತಿದ್ದರು.

"ಹಾಗಾದ್ರೆ ಕೋಟನ್ನ ಮೈಮೇಲಿಂದ ತೆಗೆಸಲ್ಲ. ಹಾಗೇ ಇಲ್ಲಿ ಬಿಟ್ಟು ಹೋಗ್ತೀನಿ. ಅವರೂ ಸ್ನಾನ ಮಾಡಿ ಮೂರು ದಿನ ಆಯ್ತು."

ಸೇಬು

ಒಂದು ಮಧ್ಯಾಹ್ನ ವಯಸ್ಸಾದ ಯಜಮಾನರೊಬ್ಬರು ಏದುಸಿರು ಬಿಡುತ್ತಾ ಬಂದರು. ಅದಕ್ಕೆ ಹಿಂದಿನ ದಿನವಷ್ಟೇ ಮೊಮ್ಮಗನ ಕೈಯಲ್ಲಿ ಒಂದು ಕರಿ ಕೋಟು ಕಳಿಸಿದ್ದರು. ಯಾವಾಗಲೂ ಅಚ್ಚುಕಟ್ಟಾಗಿ ಮಾತಾಡುವ ಮನುಷ್ಯ, ಈಗ ಬಾಯಿ ತೆರೆದರೆ ಒಂದಕ್ಷರ ತಿಳಿಯುತ್ತಿಲ್ಲ.

"ಸೇಬು... ಸೇಬಲ್ಲಿ..." ಅಂದರು.

"ಸೇಬಾ? ಹಣ್ಣಿನ ಅಂಗಡಿ ಪಕ್ಕದ್ದು ತಾತಾ," ಅಂದೆ.

ಅವರು ಜೋರಾಗಿ ತಲೆ ಆಡಿಸಿದರು. "ಸೇಬು! ಸೇಬು!" ಅಂತ ಎದೆ ಬಡಿದುಕೊಂಡರು. ಬಿಸಿಲಿಗೆ ತಲೆ ಸುತ್ತಿ ಬಂದಿರಬೇಕು, ಹಣ್ಣು ತಿನ್ನಿಸಿದರೆ ಸರಿಹೋಗುತ್ತಾರೆ ಅಂತ ನನಗೆ ಗಾಬರಿ. ಕೈಹಿಡಿದು ಪಕ್ಕದ ಅಂಗಡಿಗೆ ಕರಕೊಂಡು ಹೋದೆ. ಹಣ್ಣಿನವನು ಒಳ್ಳೆಯ ಕೆಂಪು ಸೇಬೊಂದನ್ನು ಎತ್ತಿದವನು, ಇವರ ಬಾಯಿ ನೋಡಿ ಮತ್ತೆ ಬುಟ್ಟಿಗೆ ಹಾಕಿದ.

"ಅಮ್ಮಾ, ಬಾಯಲ್ಲಿ ಒಂದೂ ಹಲ್ಲಿಲ್ಲ. ಇವರಿಗೆ ಸೇಬು ಯಾಕೆ? ಬಾಳೆಹಣ್ಣು ತಗೊಳ್ಳಿ."

ಹಲ್ಲು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಯಜಮಾನರು ಹಣ್ಣಿನವನ ಭುಜ ತಬ್ಬಿಕೊಂಡರು. "ಅಲ್ಲು! ಅಲ್ಲು!" ಅಂದರು. ಆಗ ನನ್ನ ತಲೆಗೆ ಹೊಳೆಯಿತು. ಸೇಬಲ್ಲ, ಜೇಬು. ಓಡಿ ಹೋಗಿ ನಮ್ಮೆಜಮಾನರಿಗೆ ಕೂಗಿದೆ. ಅವರು ಆಗಷ್ಟೇ ಆ ಕರಿ ಕೋಟನ್ನು ತೊಟ್ಟಿಗೆ ಇಳಿಸಲು ಕೈಗೆತ್ತಿಕೊಂಡಿದ್ದರು. ಒಳಜೇಬಿನಲ್ಲಿ ಕರ್ಚೀಫಿನಲ್ಲಿ ಸುತ್ತಿದ ಹಲ್ಲಿನ ಸೆಟ್ಟು! ಇನ್ನೊಂದು ಗಳಿಗೆ ಕಳೆದಿದ್ದರೆ ಅದೂ ಪೆಟ್ರೋಲ್ ವಾಷ್ ಆಗಿಬಿಡುತ್ತಿತ್ತು.

ನಮ್ಮೆಜಮಾನರು ಅದನ್ನು ಬಿಸಿನೀರಿನಲ್ಲಿ ತೊಳೆದು, ತಟ್ಟೆಯಲ್ಲಿಟ್ಟು ತಂದುಕೊಟ್ಟರು. ತಾತ ಆಚೆ ತಿರುಗಿ ಹಾಕಿಕೊಂಡು, ಈಚೆ ತಿರುಗಿ ನಮಗಿಬ್ಬರಿಗೂ ಕೈಮುಗಿದರು. ನನಗೋ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ತಾಯಿ," ಅಂದರು, ಸ್ಪಷ್ಟವಾಗಿ. "ಸರಿ, ನಡೀರಿ. ಈಗ ಆ ಸೇಬು ಕೊಡಿಸಿ."

ಇನ್ಸ್‌ಪೆಕ್ಟರ ಮನೆ ಕಿಟಕಿ

ಯುಗಾದಿ ಹತ್ತಿರ ಬಂದರೆ ಮನೆಮನೆಯ ಪರದೆ, ಬೆಡ್‌ಶೀಟು, ಜಮಖಾನ ಎಲ್ಲಾ ನಮ್ಮ ಅಂಗಡಿಗೆ ಬಂದು ಬೀಳುತ್ತಿತ್ತು. ಒಂದು ವರ್ಷ ನಮ್ಮ ಎದುರು ಸಾಲಿನಲ್ಲಿದ್ದ ಪೊಲೀಸ್ ಇನ್ಸ್‌ಪೆಕ್ಟರ ಹೆಂಡತಿ ಮನೆಯ ಅಷ್ಟೂ ಪರದೆಗಳನ್ನು ಒಂದೇ ಸಲ ಒಗೆಯಲು ಕೊಟ್ಟರು.

ಆ ಇನ್ಸ್‌ಪೆಕ್ಟರೆಂದರೆ ಬೀದಿಗೆಲ್ಲಾ ಭಯ. ಆಳೆತ್ತರ, ದಪ್ಪ ಮೀಸೆ. ಅವರು ಮೋಟರ್ ಸೈಕಲ್ ನಿಲ್ಲಿಸಿದ ಸದ್ದಿಗೆ ರಸ್ತೆಯಲ್ಲಿ ಗೋಲಿ ಆಡುವ ಮಕ್ಕಳು ಗೋಲಿ ಬಿಟ್ಟು ಓಡುತ್ತಿದ್ದವು. ಅಂಥವರ ಮನೆಯ ಕಿಟಕಿ ಮಾರನೇ ದಿನ ಬೆಳಿಗ್ಗೆ ಪರದೆಯಿಲ್ಲದೆ ಬೀದಿಗೆ ತೆರೆದುಕೊಂಡಿತು. ಒಳಗೆ ಇನ್ಸ್‌ಪೆಕ್ಟರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ. ಮುಂದೆ ನೆಲದ ಮೇಲೆ ದೊಡ್ಡ ಮಗಳು. ಬಾಯಲ್ಲಿ ಟೇಪು ಕಚ್ಚಿಕೊಂಡು, ಕೈಯಲ್ಲಿ ಬಾಚಣಿಗೆ ಹಿಡಿದು, ಮಗಳಿಗೆ ಎರಡು ಜಡೆ ಹಾಕುತ್ತಿದ್ದಾರೆ! ಅವಳದು ಮುಗಿಯುತ್ತಲೂ ಚಿಕ್ಕವಳು ಬಂದು ಕೂತಳು. ಅದೂ ಮುಗಿಯಿತು. ಆಮೇಲೆ ತೆಂಗಿನಕಾಯಿ ತುರಿಯಲು ಕೂತರು.

ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹಾಲಿನವನಿಗಿಂತ ಮೊದಲೇ ಮುಟ್ಟಿತು. ಮಾರನೇ ದಿನ ಅದೇ ಹೊತ್ತಿಗೆ ಎದುರು ಮನೆಗಳ ಹೆಂಗಸರೆಲ್ಲಾ ರಂಗೋಲಿ ಹಾಕುತ್ತಿದ್ದರು. ಅಷ್ಟು ದೊಡ್ಡ ರಂಗೋಲಿಗಳನ್ನು ನಮ್ಮ ಬೀದಿ ಸಂಕ್ರಾಂತಿಯಲ್ಲೂ ನೋಡಿರಲಿಲ್ಲ.

ಅದರ ಮಾರನೇ ದಿನ ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೇ ಗಂಡಸರ ಒಂದು ಗುಂಪು ಬಂತು. ಎಲ್ಲರೂ ನಮ್ಮ ಬೀದಿಯವರೇ. ಮುಂದೆ ನಿಂತಿದ್ದವರು ಸುತ್ತ ನೋಡಿ ದನಿ ತಗ್ಗಿಸಿದರು.

"ಅಮ್ಮಾ, ಇನ್ಸ್‌ಪೆಕ್ಟರ್ ಮನೆ ಕರ್ಟನ್ ಇವತ್ತೇ ಕೊಟ್ಟುಬಿಡಿ. ಇಸ್ತ್ರಿ ಆಗದಿದ್ರೂ ಪರವಾಗಿಲ್ಲ."

"ಅವರ ಕರ್ಟನ್ನಿಗೆ ನೀವ್ಯಾಕೆ ಸಾರ್ ಅವಸರ ಮಾಡ್ತೀರಾ?"

"ನಿಮಗೇನು ಗೊತ್ತಮ್ಮಾ, ನಮ್ಮ ಮನೇಲಿ ಬೆಳಿಗ್ಗೆ ಪೇಪರ್ ಕೈಗೆ ತಗೊಂಡ್ರೆ ಸಾಕು, ಪೇಪರ್ ಕಿತ್ಕೊಂಡು ಬಾಚಣಿಗೆ ಕೊಡ್ತಾ ಇದಾಳೆ!"

ಹಿಂದಿನಿಂದ ಇನ್ನೊಬ್ಬರು, "ನನಗೆ ತೆಂಗಿನಕಾಯಿ," ಅಂದರು, ಬೆರಳಿಗೆ ಸುತ್ತಿದ ಬಟ್ಟೆ ತೋರಿಸುತ್ತಾ.

ಅಷ್ಟರಲ್ಲಿ ಮೋಟರ್ ಸೈಕಲ್ ಸದ್ದಾಯಿತು. ಗುಂಪು ಕರಗಿಹೋಯಿತು. ಇನ್ಸ್‌ಪೆಕ್ಟರು ಗಾಡಿಯಿಂದ ಇಳಿಯದೆ, ಮೀಸೆ ಮೇಲೆ ಕೈಯಾಡಿಸುತ್ತಾ ನನ್ನನ್ನು ಕರೆದರು. ವಿಷಯ ಅವರ ಕಿವಿಗೂ ಬಿತ್ತೇನೋ ಅಂದುಕೊಂಡು ಹತ್ತಿರ ಹೋದೆ.

"ಆ ಕರ್ಟನ್ ಇನ್ನೊಂದು ವಾರ ನಿಮ್ಮಲ್ಲೇ ಇರಲಮ್ಮಾ," ಅಂದರು. "ಬೆಳಕಿಗೆ ಬೈತಲೆ ನೇರವಾಗಿ ಬರ್ತಾ ಇದೆ."

ಗಂಜಿ

ನಮ್ಮ ಕಡೆಯ ಪುಢಾರಿಯೊಬ್ಬರು ಖಾದಿ ಪಂಚೆ, ಜುಬ್ಬ ಬಿಟ್ಟರೆ ಬೇರೆ ಹಾಕುತ್ತಿರಲಿಲ್ಲ. ಅವರಿಗೆ ಗಂಜಿ ಅಂದರೆ ಪ್ರಾಣ. ಎಷ್ಟು ಹಾಕಿದರೂ ಸಾಲದು. "ಹಪ್ಪಳದ ಹಾಗಿರಬೇಕು ತಾಯಿ. ಜನ ನೂಕಿದ್ರೂ ಜುಬ್ಬ ಬಗ್ಗಬಾರದು," ಅನ್ನುತ್ತಿದ್ದರು. ನಮ್ಮೆಜಮಾನರು ಒಂದು ಸಲ ಸಿಟ್ಟಿನಲ್ಲಿ, ಕೇಳಿದಷ್ಟೂ ಗಂಜಿ ಹಾಕಿಯೇ ಬಿಟ್ಟರು. ಇಸ್ತ್ರಿಯಾದ ಮೇಲೆ ಆ ಜುಬ್ಬವನ್ನು ಮಡಿಸಲಾಗಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದ್ದೆವು. ಬಂದವರೊಬ್ಬರು ಅದಕ್ಕೆ ನಮಸ್ಕಾರ ಬೇರೆ ಮಾಡಿದರು.

ಪುಢಾರಿಗಳು ನೋಡಿ ಕುಣಿದಾಡಿಬಿಟ್ಟರು. ಅಲ್ಲೇ ಹಾಕಿಕೊಂಡು ಹೋದರು. ಹೋದದ್ದು ರಾಜಾಜಿನಗರದಲ್ಲಿ ಯಾರೋ ಹಿರಿಯರು ತೀರಿಕೊಂಡ ಸಂತಾಪ ಸಭೆಗೆ.

ಸಭೆಯಲ್ಲಿ ಏನಾಯಿತು ಅನ್ನುವುದನ್ನು ಮಾರನೇ ದಿನ ಅವರೇ ಬಂದು ಹೇಳಿದರು. ಎಲ್ಲರೂ ಎದ್ದುನಿಂತು ಮೌನ ಆಚರಿಸುವಾಗ, ಇಡೀ ಹಾಲ್ ಸ್ತಬ್ಧ. ಆ ಮೌನದಲ್ಲಿ ಇವರು ಉಸಿರು ಎಳೆದರೆ ಜುಬ್ಬ 'ಪಟ್' ಅಂತಂತೆ. ಬಿಟ್ಟರೆ 'ಪಟ್ ಪಟ್' ಅಂತಂತೆ. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಇವರು ಉಸಿರು ಕಟ್ಟಿ ನಿಂತರು. ಕಟ್ಟಿದ ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ? ಕೊನೆಗೆ ಒಂದೇ ಸಲಕ್ಕೆ ಬಿಟ್ಟಾಗ ಆದ ಸದ್ದಿಗೆ, ತೀರಿಕೊಂಡವರ ಹೆಂಡತಿಯೇ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕುಬಿಟ್ಟರಂತೆ. "ಇವರು ಹೋದಮೇಲೆ ಇವತ್ತೇ ಮೊದಲು ನಕ್ಕಿದ್ದು. ನಿಮ್ಮಿಂದ ಉಪಕಾರ ಆಯ್ತು," ಅಂತ ಆಮೇಲೆ ಆಕೆಯೇ ಕೈಮುಗಿದರಂತೆ.

ನಮ್ಮೆಜಮಾನರು ಪರದೆ ಹಿಂದಿನಿಂದ ಹೊರಗೆ ಬರಲೇ ಇಲ್ಲ. ನಾನೇ ಹೇಗೋ, "ಇನ್ಮೇಲೆ ಗಂಜಿ ಕಡಿಮೆ ಮಾಡಿಸ್ತೀನಿ ಸಾರ್," ಅಂದೆ.

"ಛೇ ಛೇ, ಪೂರ್ತಿ ಕಡಿಮೆ ಮಾಡಬೇಡಿ. ಸಾವಿಗೆ ಅರ್ಧ ಗಂಜಿ, ಮದುವೆಗೆ ಮುಕ್ಕಾಲು," ಅಂದು, ಬಾಗಿಲ ಹತ್ತಿರ ಹೋದವರು ತಿರುಗಿ ಸೇರಿಸಿದರು: "ನಮ್ಮ ಪಾರ್ಟಿ ಮೀಟಿಂಗಿಗೆ ಮಾತ್ರ ಫುಲ್. ಅಲ್ಲಿ ನಮ್ಮ ಮಾತು ಯಾರೂ ಕೇಳಲ್ಲ, ಜುಬ್ಬನಾದರೂ ಕೇಳಿಸಲಿ."

ಕೌದಿ

ಬಸವೇಶ್ವರನಗರದಲ್ಲಿ ಧಾರವಾಡ ಕಡೆಯ ತಾಯಿಯೊಬ್ಬರಿದ್ದರು. ಮಗನಿಗೆ ಇಲ್ಲಿಗೆ ವರ್ಗವಾಗಿ ಜೊತೆಗೆ ಬಂದವರು. ಆಕೆ ಬಂದರೆ ಅಂಗಡಿಗೆ ಗಾಳಿ ಬೆಳಕು ಎರಡೂ ಬಂದ ಹಾಗೆ. ಒಂದು ದಿನ ರಿಕ್ಷಾದಿಂದ ಒಂದು ದೊಡ್ಡ ಗಂಟು ಇಳಿಸಿಕೊಂಡು ಬಂದರು.

"ಅಕ್ಕಾರ, ಕೌದಿ ಒಗದು ಕೊಡ್ತೀರೇನು?"

ಬಿಚ್ಚಿ ಹರಡಿದರೆ ಕೌಂಟರ್ ತುಂಬಿ ನೆಲಕ್ಕೆ ಇಳಿಯಿತು. ಹಳೇ ಸೀರೆ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದ ಹೊದಿಕೆ. ಒಂದೊಂದು ತುಂಡೂ ಒಬ್ಬೊಬ್ಬರದು. ಆಕೆ ಬೆರಳಿಟ್ಟು ಪರಿಚಯ ಮಾಡಿಸಿದರು. "ಇದು ನಮ್ಮ ಚಿಗವ್ವಂದು. ಇದು ನನ್ನ ಮದುವಿ ಸೀರಿ. ಈ ಬಿಳೀದು ನಮ್ಮವ್ವಂದು ನೋಡ್ರಿ. ಇದರ ಬಾಜೂಕ ಈ ಕೆಂಪಂದು ನಮ್ಮತ್ತೀದು."

ನಮ್ಮೆಜಮಾನರು ಹೊರಗೆ ಬಂದು ಕೌದಿ ಮುಟ್ಟಿ ನೋಡಿದರು. "ಅಮ್ಮಾ, ಈ ಕೆಂಪು ಬಣ್ಣ ಬಿಡೋ ಹಾಗಿದೆ. ಆದಷ್ಟು ಜೋಪಾನ ಮಾಡ್ತೀನಿ. ಆದ್ರೆ ಖಂಡಿತ ಅಂತ ಹೇಳಕ್ಕಾಗಲ್ಲ," ಅಂದರು.

"ಇರಲಿ ಬಿಡ್ರಿ. ಮೊಮ್ಮಗ ಹೊದ್ಕೋಬೇಕು, ಅವಂಗ ಧೂಳು ಆಗಂಗಿಲ್ಲ."

ನಮ್ಮೆಜಮಾನರು ಆ ಕೌದಿಯನ್ನು ಕೂಸಿಗೆ ಎಣ್ಣೆನೀರು ಹಾಕುವ ಹಾಗೆ ಒಗೆದರು. ಅಂಟುವಾಳಕಾಯಿ ನೆನೆಹಾಕಿದ ನೀರು, ಕೈಯಲ್ಲೇ ಅದುಮಿದ್ದು, ನೆರಳಲ್ಲೇ ಆರಿಸಿದ್ದು. ಏನು ಮಾಡಿದರೇನು? ಅತ್ತೆಯ ಕೆಂಪು ಹರಿದು ಬಂದು ಅವ್ವನ ಬಿಳಿಯ ಮೇಲೆ ಕೂತುಬಿಟ್ಟಿತು. ಬಿಳಿ ತುಂಡು ಗುಲಾಬಿಯಾಯಿತು. ನಮ್ಮೆಜಮಾನರು ಅವತ್ತು ಸರಿಯಾಗಿ ಊಟ ಮಾಡಲಿಲ್ಲ. "ಸತ್ತವರ ಸೀರೆ ಕಣೇ. ಅಂಗಡೀಲಿ ಸಿಗೋದಲ್ಲ," ಅಂತ ಅದನ್ನೇ ನೋಡುತ್ತಾ ಕೂತರು.

ಆಕೆ ಬಂದ ದಿನ ನಾನು ರಸೀದಿ ಪುಸ್ತಕ ತಿರುವಿಹಾಕುತ್ತಾ ಕೂತೆ. ನಮ್ಮೆಜಮಾನರೇ ಕೌದಿ ಹಿಡಿದು ಮುಂದೆ ಬಂದರು. "ಬೈದುಬಿಡಿ ತಾಯಿ," ಅಂದರು.

ಆಕೆ ಕೌದಿ ಬಿಡಿಸಿದರು. ಗುಲಾಬಿಯಾದ ತುಂಡನ್ನು ನೋಡಿದರು. ಅದರ ಮೇಲೆ ಕೈಯಾಡಿಸಿದರು. ಆಕೆಯ ಭುಜ ಅಲುಗಾಡಿತು. ಅಳುತ್ತಿದ್ದಾರೆ ಅಂತ ನಾನು ಕೌಂಟರ್ ದಾಟಿ ಹತ್ತಿರ ಹೋದೆ. ನೋಡಿದರೆ ನಗು, ತಡೆಯಲಾರದ ನಗು.

"ಜೀವಂತ ಇದ್ದಾಗ ನಮ್ಮವ್ವ, ನಮ್ಮತ್ತಿ ಒಂದು ಚಾಪಿ ಮ್ಯಾಲೆ ಕುಂತವರಲ್ರೀ. ಬೀಗತಿ ಮುಖ ನೋಡಂಗಿಲ್ಲಂತ ಒಬ್ಬಾಕಿ, ಬೀಗತಿ ಕೈಲೆ ನೀರು ಕುಡಿಯಂಗಿಲ್ಲಂತ ಇನ್ನೊಬ್ಬಾಕಿ. ಊರ ಹಿರಿಯರೆಲ್ಲಾ ಕೂಡಿ ಹೇಳಿದರೂ ಒಂದಾಗಲಿಲ್ಲ." ಆಮೇಲೆ ನಮ್ಮೆಜಮಾನರ ಕಡೆ ತಿರುಗಿ, "ಅಣ್ಣಾರ, ಯಾವ ಸೋಪು ಹಾಕಿದ್ರಿ? ಸೊಸಿಗೂ ನನಗೂ ಸ್ವಲ್ಪ ಬೇಕಾಗೇತಿ!" ಅಂದರು.

ಪ್ಯಾಂಟು ಒಣಗುವ ತನಕ

ಜ್ಞಾನಭಾರತಿ ಹಾಸ್ಟೆಲಿನ ಹುಡುಗನೊಬ್ಬ ಮಳೆಗಾಲದಲ್ಲಿ ಓಡಿಬಂದ. ಎಂ.ಎ. ಮುಗಿಸಿ ಇಂಟರ್‌ವ್ಯೂಗೆ ಹೊರಟಿದ್ದವನು. ಬಸ್‌ಸ್ಟಾಪಿನಲ್ಲಿ ನಿಂತಾಗ ಲಾರಿಯೊಂದು ಹೊಂಡದ ಕೆಸರನ್ನೆಲ್ಲಾ ಅವನ ಪ್ಯಾಂಟಿಗೆ ಎರಚಿಹೋಗಿತ್ತು.

"ಆಂಟಿ, ಇರೋದು ಇದೊಂದೇ ಒಳ್ಳೆ ಪ್ಯಾಂಟು. ಮಧ್ಯಾಹ್ನ ಇಂಟರ್‌ವ್ಯೂ," ಅಂದ.

ನಮ್ಮೆಜಮಾನರು ತಮ್ಮ ಪಂಚೆಯೊಂದನ್ನು ಅವನ ಕೈಗಿಟ್ಟು ಪ್ಯಾಂಟು ಬಿಚ್ಚಿಸಿಕೊಂಡರು. ಒಗೆದ ಪ್ಯಾಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿಯೇ ಅದನ್ನು ಒಣಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ನಾನೂ ಹಿಂದೆ ಹೋದೆ. ಹುಡುಗ ಮೇಲೆ ಟೈ, ಕೆಳಗೆ ಪಂಚೆ ಉಟ್ಟು ಕೌಂಟರಿನಲ್ಲಿ ಕೂತ.

ಅಷ್ಟರಲ್ಲಿ ಹೆಂಗಸೊಬ್ಬರು ರೇಷ್ಮೆ ಸೀರೆ ತಂದರು. ಹಿಂದಿನಿಂದ ನನಗೆ ಕೇಳಿಸುತ್ತಿತ್ತು.

"ಈ ಕಲೆ ಹೋಗುತ್ತೇನಪ್ಪಾ?"

"ಇದು ಸಾರಿನ ಕಲೆನಾ ಆಂಟಿ, ಹುಳೀದಾ?"

"ಎರಡಕ್ಕೂ ಏನು ವ್ಯತ್ಯಾಸ?"

"ಸಾರಾದ್ರೆ ಬೇಗ ಹೋಗುತ್ತೆ ಆಂಟಿ. ಹುಳೀಲಿ ಬೇಳೆ ಇರುತ್ತಲ್ಲ, ಅದು ಹಿಡ್ಕೊಂಡುಬಿಡುತ್ತೆ."

ನಾವಿಬ್ಬರೂ ಹಿಂದೆ ಇಸ್ತ್ರಿ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು. ಆಕೆ ಮಾತ್ರ ಒಪ್ಪಿಕೊಂಡುಬಿಟ್ಟರು. ಸೀರೆ ಕೊಟ್ಟು, "ಟೈ ಕಟ್ಕೊಂಡು ಎಷ್ಟು ಶಿಸ್ತಾಗಿ ಇದೀಯಪ್ಪಾ, ಇಲ್ಲೇ ಇರು," ಅಂತ ಹರಸಿ ಹೋದರು.

ಪ್ಯಾಂಟು ಒಣಗಿತು, ಹುಡುಗ ಓಡಿದ. ಸ್ವಲ್ಪ ದಿನ ಕಳೆದು ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಂದು, ನಾವು ಬೇಡ ಬೇಡ ಅಂದರೂ ಇಬ್ಬರ ಕಾಲಿಗೂ ಬಿದ್ದ. ಕೆಲಸ ಸಿಕ್ಕಿತ್ತು.

"ಇಂಟರ್‌ವ್ಯೂನಲ್ಲಿ ಏನು ಕೇಳಿದ್ರಪ್ಪಾ?" ಅಂದೆ.

"ಎಲ್ಲಾದ್ರೂ ಕೆಲಸ ಮಾಡಿದ ಅನುಭವ ಇದೆಯಾ ಅಂದ್ರು ಆಂಟಿ. ಡ್ರೈ ಕ್ಲೀನಿಂಗ್ ಅಂಗಡೀಲಿ ಮಾಡಿದೀನಿ ಅಂದೆ. ಎಷ್ಟು ಕಾಲ ಮಾಡಿದ್ರಿ ಅಂತ ಕೇಳಿದ್ರು. ಪ್ಯಾಂಟು ಒಣಗೋ ತನಕ ಸಾರ್ ಅಂದೆ. ಮುಂದೆ ಏನೂ ಕೇಳಕ್ಕಾಗಲಿಲ್ಲ, ಅವರು ನಗೋದು ನಿಲ್ಲಿಸಲೇ ಇಲ್ಲ."

ಮೂರನೇ ಗುಂಡಿ

ಇನ್ನು ಈ ಪ್ರಸಂಗ. ಇದರಲ್ಲಿ ಬರುವ ಹಿರಿಯರಿಗೆ ನಮ್ಮ ತವರಿನವರೆಲ್ಲಾ ಇವತ್ತಿಗೂ ಋಣಿಗಳು.

ನನ್ನ ತಂಗಿಯನ್ನು ನೋಡಲು ರಾಜಾಜಿನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮಪ್ಪ ತೀರಿಕೊಂಡಿದ್ದರಿಂದ ಅಮ್ಮ, ತಂಗಿ ನಮ್ಮ ಜೊತೆಗೇ ಇದ್ದರು. ಅದಕ್ಕೆ ಮುಂಚೆ ಬಂದ ಸಂಬಂಧಗಳು ಯಾವುದೂ ಕೂಡಿಬಂದಿರಲಿಲ್ಲ. ಬಟ್ಟೆ ಒಗೆಯುವ ಅಂಗಡಿಯವರು ಅಂತ ಕೆಲವರು ಮೆಟ್ಟಿಲಲ್ಲೇ ಮೂಗು ಮುರಿದು ಹೋಗಿದ್ದರು. ತಂಗಿ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಆ ಸಲ ಕನ್ನಡಿ ಮುಂದೆ ಕೂತವಳು, "ಅಕ್ಕಾ, ಇವರೂ ಬೇಡ ಅಂದ್ರೆ ಇನ್ಮೇಲೆ ಯಾರನ್ನೂ ಕರೀಬೇಡಿ," ಅಂದಳು. ನಾನು ಅವಳ ಮುಡಿಗೆ ಇನ್ನಷ್ಟು ಹೂವು ಮುಡಿಸಿದೆ.

ತಂದೆಯ ಜಾಗದಲ್ಲಿ ನಿಂತು ಮಾತಾಡಬೇಕಾದವನು ನಮ್ಮ ತಮ್ಮ. ಕೆಂಗೇರಿ ಕಡೆಯ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತ. ಅವತ್ತು ಬೆಳಿಗ್ಗೆ ಅಲ್ಲಿಂದ ಬಂದ. ಎಲ್ಲರೂ ಅಡುಗೆಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು ಅಂತ ಗಡಿಬಿಡಿಯಲ್ಲಿದ್ದೆವು. ಗಂಡಿನ ಕಡೆಯವರು ಬಂದು ಕೂತ ಮೇಲೆ ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನೋಡುತ್ತೇನೆ, ತಮ್ಮ ಬೂದು ಬಣ್ಣದ ಸಫಾರಿ ಸೂಟಿನಲ್ಲಿ ಮಿನಿಸ್ಟರ ಹಾಗೆ ಕೂತಿದ್ದಾನೆ! ಇವನಿಗೆ ಸಫಾರಿ ಎಲ್ಲಿಂದ ಬಂತು ಅಂದುಕೊಳ್ಳುವಷ್ಟರಲ್ಲಿ ನಮ್ಮೆಜಮಾನರು ನನ್ನನ್ನು ಒಳಕ್ಕೆ ಕರೆದರು.

"ಅವನು ಹಾಕ್ಕೊಂಡಿರೋದು ಗಿರಾಕಿ ಸಫಾರಿ ಕಣೇ."

ಗಿರಾಕಿಗಳ ಬಟ್ಟೆಯನ್ನು ಮೈಗೆ ಹಾಕಿಕೊಳ್ಳುವುದಿರಲಿ, ಹೆಗಲ ಮೇಲೆ ಇಟ್ಟುಕೊಳ್ಳಲೂ ನಮ್ಮೆಜಮಾನರು ಬಿಡುತ್ತಿರಲಿಲ್ಲ. "ಯಾರದ್ದೂ ಅದು?" ಅಂದೆ.

"ಮೂಲೆ ಮನೆಯವಳು ತಂದುಕೊಟ್ಟಿದ್ದು. ಅವಳ ಅಪ್ಪಂದಂತೆ. ಈಗ ಬಿಚ್ಚು ಅಂತ ಹೇಳೋದು ಹೇಗೆ?"

ಹೇಳುವ ಹಾಗಿರಲಿಲ್ಲ. ಸುಮ್ಮನೆ ದೇವರಿಗೆ ಕೈಮುಗಿದು ಕಾಫಿ ಬೆರೆಸಿದೆ.

ಗಂಡಿಗೂ ತಂದೆ ಇರಲಿಲ್ಲ. ಸೋದರಮಾವನೇ ಹಿರಿಯರು. ಅವರು ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ. ತಂಗಿ ತಟ್ಟೆ ಹಿಡಿದು ಬಂದು ನಮಸ್ಕಾರ ಮಾಡಿದಳು. ಗಂಡು ನೋಡಿದ, ಗಂಡಿನ ತಾಯಿ ನೋಡಿದರು. ಆದರೆ ಸೋದರಮಾವ ಮಾತ್ರ ಹುಡುಗಿ ಕಡೆ ಕಣ್ಣೆತ್ತಲಿಲ್ಲ. ಅವರ ದೃಷ್ಟಿಯೆಲ್ಲಾ ನಮ್ಮ ತಮ್ಮನ ಎದೆಯ ಮೇಲೆ. ಆಗ ನಾನೂ ಗಮನಿಸಿದೆ. ಸಫಾರಿಯ ಗುಂಡಿಗಳೆಲ್ಲಾ ಬೂದು, ಮೂರನೆಯದು ಮಾತ್ರ ಕಂದು.

"ಸಫಾರಿ ಚೆನ್ನಾಗಿದೆ. ಎಲ್ಲಿ ಹೊಲಿಸಿದ್ರಿ?" ಅಂದರು ಸೋದರಮಾವ.

ತಮ್ಮನಿಗೆ ಖುಷಿಯಾಯಿತು. "ಮೆಜೆಸ್ಟಿಕ್‌ನಲ್ಲಿ ಸಾರ್. ನಮಗೆ ಒಬ್ಬ ಖಾಯಂ ಟೈಲರ್ ಇದಾನೆ."

"ಬಟ್ಟೆ?"

"ಬಾಂಬೆಯಿಂದ ತರಿಸಿದ್ದು ಸಾರ್."

"ಓಹೋ. ಬಾಂಬೆ." ಅವರು ತಲೆಯಾಡಿಸಿದರು. "ಈ ಮೂರನೇ ಗುಂಡಿ?"

ತಮ್ಮ ಬಗ್ಗಿ ನೋಡಿಕೊಂಡ. ಅವನೂ ಅದನ್ನು ಆಗಲೇ ನೋಡಿದ್ದು. ಆದರೂ ಎದೆಗುಂದಲಿಲ್ಲ. "ಅದು ಈಗಿನ ಫ್ಯಾಶನ್ ಸಾರ್. ಒಂದು ಗುಂಡಿ ಬೇರೆ ಇಡ್ತಾರೆ."

ನಮ್ಮೆಜಮಾನರು ಗೋಡೆ ಹಿಡಿದುಕೊಂಡರು. ತಮ್ಮ ಅದೇ ಹುರುಪಿನಲ್ಲಿ ಕಾಫಿ ಲೋಟಕ್ಕೆ ಕೈಚಾಚಿದ. ಲೋಟ ವಾಲಿತು.

"ಏಯ್, ಹುಷಾರು!" ಸೋದರಮಾವ ಕುರ್ಚಿಯಿಂದ ಹಾರಿ ಬಂದು ಲೋಟ ಹಿಡಿದರು. ಬಿಸಿ ಕಾಫಿ ಅರ್ಧ ಅವರ ಕೈಮೇಲೇ ಚೆಲ್ಲಿತು. ಸಫಾರಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ತಮ್ಮನ ತೋಳಿನ ಮೇಲೆ ಕೂತ ಕೇಸರಿಬಾತಿನ ಒಂದು ಚೂರನ್ನೂ ಅವರು ಮೆಲ್ಲಗೆ ಬೆರಳಿನಿಂದ ಎತ್ತಿ ತೆಗೆದರು.

ಬಾಗಿಲ ಮರೆಯಲ್ಲಿದ್ದ ನಮ್ಮಮ್ಮನ ಕಣ್ಣು ತುಂಬಿಬಂತು. "ಎಂಥಾ ಒಳ್ಳೆ ಮನುಷ್ಯರು ನೋಡೇ," ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ತಮ್ಮ ಕೈ ಸುಟ್ಟುಕೊಂಡ್ರು, ನಮ್ಮ ಹುಡುಗನ ಬಟ್ಟೆಗೆ ಏನೂ ಆಗಬಾರದು ಅಂತ!"

ಆಮೇಲೆ ಅವರು ಕೂತು ತಂಗಿಯನ್ನು ಮಾತಾಡಿಸಿದರು. ಏನು ಓದಿದ್ದೀಯಮ್ಮಾ, ಅಡುಗೆ ಬರುತ್ತಾ, ಈ ಕೇಸರಿಬಾತು ನೀನೇ ಮಾಡಿದ್ದಾ ಅಂತೆಲ್ಲಾ ಕೇಳಿದರು. ತಂಗಿ, "ಇಲ್ಲ, ಅಕ್ಕ ಮಾಡಿದ್ದು. ಉಪ್ಪಿಟ್ಟು ನಾನು ಮಾಡಿದ್ದು, ಅದಕ್ಕೆ ಉಪ್ಪು ಕಡಿಮೆ ಆಗಿದೆ," ಅಂದಳು. ಅವರು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕರು. ಹೊರಡಲು ಎದ್ದಾಗ ಏನೂ ಹೇಳಲಿಲ್ಲ. ಇದೂ ಹೋಯಿತು ಅಂದುಕೊಂಡೆವು. ಗೇಟಿನವರೆಗೆ ಎಲ್ಲರೂ ಹಿಂದೆ ಹೋದೆವು.

ಗೇಟಿನ ಹತ್ತಿರ ಅವರು ನಿಂತರು. ಪಕ್ಕದಲ್ಲಿದ್ದ ನಮ್ಮ ಅಂಗಡಿಯ ಬೋರ್ಡನ್ನು ಓದಿದರು. ನಮ್ಮೆಜಮಾನರಿಗೆ ಕೈಮುಗಿದು ಹೇಳಿದರು:

"ಹುಡುಗಿ ನಿಜ ಹೇಳ್ತಾಳೆ. ಅಷ್ಟು ಸಾಕು ನಮಗೆ. ಒಪ್ಪಿಗೆ. ಒಳ್ಳೆ ದಿನ ನೋಡಿ ನಿಶ್ಚಿತಾರ್ಥ ಇಟ್ಕೊಳ್ಳೋಣ."

ಅಮ್ಮ ಅಲ್ಲೇ ಸೆರಗು ಕಣ್ಣಿಗೆ ಒತ್ತಿಕೊಂಡರು. ನಾನು ತಂಗಿ ನಿಂತಿದ್ದ ಕಿಟಕಿ ಕಡೆ ನೋಡಿ ತಲೆಯಾಡಿಸಿದೆ. ಕಿಟಕಿ ಪಕ್ಕನೆ ಮುಚ್ಚಿಕೊಂಡಿತು, ಒಳಗೆ ಬಳೆ ಸದ್ದಾಯಿತು.

ಸೋದರಮಾವ ನಮ್ಮ ತಮ್ಮನ ಹತ್ತಿರ ಬಂದರು. ಮೂರನೇ ಗುಂಡಿಯನ್ನು ಬೆರಳಿನಿಂದ ಮುಟ್ಟಿ, "ಇದು ಫ್ಯಾಶನ್ ಅಲ್ಲಪ್ಪಾ. ಬೂದು ಗುಂಡಿ ಸಿಗದೆ ನನ್ನ ಹೆಂಡ್ತಿ ಹೊಲಿದದ್ದು. ಈ ಮೂಲೆ ಮನೇಲಿರೋಳು ನನ್ನ ಮಗಳು," ಅಂದರು. ತಮ್ಮ ನಿಂತಲ್ಲೇ ಬೆವೆತುಹೋದ. ಅವರು ಅವನ ಭುಜ ತಟ್ಟಿದರು.

"ಒಂದೇ ಒಂದು ಕೇಳ್ಕೋತೀನಿ. ನಿಶ್ಚಿತಾರ್ಥದ ದಿನ ಈ ಸಫಾರಿ ನಾನು ಹಾಕ್ಕೋಬೇಕು. ನೀವು ಬೇರೆ ಯಾರದ್ದಾದ್ರೂ ನೋಡ್ಕೊಳ್ಳಿ."